ಒಗ್ಗರಣೆ, ಅಲಾರಂ ಮತ್ತು ‘ನಾಟ್ ಸೋ ಬ್ಯಾಡ್’

ದೀಪಾವಳಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ‘ಮಧುಮೇಹಿಗಳ ಆಹಾರಕ್ರಮ’ ಎಂಬ ಲೇಖನ ಸಿದ್ಧವಿದೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಡಾಕ್ಟ್ರೇ, ಹೋಳಿಗೆ ಬಡಿಸುವ ದಿನ ಅದನ್ನು ಕೈಗೆ ಕೊಟ್ಟರೆ ಜನ ನಮ್ಮನ್ನು ಬಿಡ್ತಾರಾ? ನೀವು ಸ್ಟೂಡೆಂಟ್ ಆಗಿದ್ದಾಗಿನ ಕಥೆಗಳನ್ನು ಊಟದ ಪಂಕ್ತಿಯಲ್ಲಿ ಹೇಳ್ತಿರ್ತೀರಲ್ಲ, ಅದನ್ನೇ ಬರೆಯಿರಿ" ಎಂದರು. ಆದ್ದರಿಂದ ಓದುಗರೇ, ಮುಂದಿನ ಪುಟಗಳಲ್ಲಿ ಆಹಾರಕ್ರಮವಿಲ್ಲ. ಆಹಾರ ಮಾತ್ರ ಇದೆ.

1998ರ ಸೆಪ್ಟೆಂಬರ್‌ನಲ್ಲಿ ನಾನು ಇಂಗ್ಲೆಂಡಿಗೆ ಬಂದಾಗ ವಯಸ್ಸು ಇಪ್ಪತ್ತೆಂಟು. ಎಂ.ಬಿ.ಬಿ.ಎಸ್., ಎಂ.ಡಿ. ಎರಡೂ ಮುಗಿದು, ಎರಡು ವರ್ಷ ಮೇಷ್ಟರಗಿರಿಯೂ ಆಗಿತ್ತು. ಊರಿನಲ್ಲಿ ನಾನು ಬಸ್ಸು ಹತ್ತಿದರೆ ಯಾರಾದರೂ ಎದ್ದು "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಅಂಥವನು ಅಡಿಕೆ ತೋಟದ ಮೇಲೆ ಅಪ್ಪ ತೆಗೆದ ಸಾಲ ಹಿಡಿದುಕೊಂಡು, ಒಂದು ವರ್ಷದ ಮಾಸ್ಟರ್ಸ್ ಓದಲು ಲೀಡ್ಸ್ ನಗರಕ್ಕೆ ಮತ್ತೆ ವಿದ್ಯಾರ್ಥಿಯಾಗಿ ಹೊರಟಿದ್ದೆ.

ಇಲ್ಲಿಗೆ ದೀರ್ಘಕಾಲಕ್ಕೆ ಬರುವವರು ಕ್ಷಯರೋಗವಿಲ್ಲವೆಂದು ತೋರಿಸಲು ಎದೆಯ ಎಕ್ಸ್‌ರೇ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದೆಂದು ಅನುಭವಸ್ಥರು ಹೇಳಿದ್ದರು. ನಾನು ಮಡಚದ ಹಾಗೆ ಜೋಪಾನವಾಗಿ ದೊಡ್ಡ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಅಮ್ಮನಿಗೆ ಆ ಲಕೋಟೆ ಗಟ್ಟಿಮುಟ್ಟಾಗಿ ಕಂಡಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಒಡೆಯದಿರಲೆಂದು ಅದನ್ನೇ ಸುತ್ತಿ ಹ್ಯಾಂಡ್‌ಬ್ಯಾಗಿನಲ್ಲಿ ತುರುಕಿದ್ದಾರೆ. ಹೀಥ್ರೋದಲ್ಲಿ ಅಲ್ಲಿನ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಾಣ್ಯದಗಲದ ಒಂದು ಕಲೆ! ಕ್ಷಯಕ್ಕೆ ಪ್ರಶಸ್ತವಾದ ಜಾಗ. ಅವರ ಹುಬ್ಬು ಮೇಲೇರಿತು, ನನ್ನ ಜೀವ ಬಾಯಿಗೆ ಬಂತು. ಆಮೇಲೆ ಅವರು ಮೂಗು ಅರಳಿಸಿ, ಟಿಶ್ಯೂ ಕಾಗದದಿಂದ ಎಕ್ಸ್‌ರೇಯನ್ನು ಒರೆಸಿದರು. ಕಾಯಿಲೆ ಗುಣವಾಯಿತು. ಅಪ್ಪೆಮಿಡಿಯಿಂದ ಬಂದು ಟಿಶ್ಯೂ ಕಾಗದದಿಂದ ವಾಸಿಯಾದ ಕ್ಷಯರೋಗ ವೈದ್ಯಕೀಯ ಚರಿತ್ರೆಯಲ್ಲೇ ಅದೊಂದೇ ಇರಬೇಕು.

ಲೀಡ್ಸ್‌ನಲ್ಲಿ ನಮಗೆ ಸಿಕ್ಕಿದ್ದು ‘ಬ್ಯಾಕ್ ಟು ಬ್ಯಾಕ್’ ಎಂದು ಕರೆಯುವ ಹಳೆಯ ಮನೆ. ಕಾರ್ಖಾನೆ ಕೆಲಸಗಾರರಿಗಾಗಿ ಹಿಂದೆ ಕಟ್ಟಿದ ಇಂಥ ಮನೆಗಳು ಅಕ್ಕಪಕ್ಕದ ಮನೆಗಳಿಗಷ್ಟೇ ಅಲ್ಲ, ಹಿಂದಿನ ಮನೆಗೂ ಬೆನ್ನು ಅಂಟಿಸಿಕೊಂಡಿರುತ್ತವೆ. ಮೂರು ಕಡೆ ಗೋಡೆ, ಒಂದೇ ಕಡೆ ಕಿಟಕಿ. ಹಿತ್ತಿಲಿಲ್ಲ. ಮನೆಯಲ್ಲಿ ನಾವು ಮೂವರು: ನಾನು, ಎಂಜಿನಿಯರಿಂಗ್ ಓದಲು ಬಂದಿದ್ದ ಹುಬ್ಬಳ್ಳಿಯ ಗೆಳೆಯ, ಮತ್ತು ಒಬ್ಬ ಜರ್ಮನ್ ಹುಡುಗ.

ವಿದೇಶದ ಮೊದಲ ಪಾಠಶಾಲೆ ಬಚ್ಚಲುಮನೆ. ಕೈತೊಳೆಯುವ ಬೇಸಿನ್ನಿಗೆ ಎರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಹಿಮಾಲಯ. ಎರಡರ ನಡುವೆ ಕೈಗಳನ್ನು ಶಟಲ್ ಕಾಕ್‌ನಂತೆ ಓಡಿಸಿದರೆ ಸರಾಸರಿ ಲೆಕ್ಕದಲ್ಲಿ ಮುಖ ತೊಳೆದಂತಾಗುತ್ತದೆ. ದೀಪಕ್ಕೆ ಸ್ವಿಚ್ಚಿಲ್ಲ, ಚಾವಣಿಯಿಂದ ಇಳಿಬಿದ್ದ ದಾರ ಎಳೆಯಬೇಕು. ಇನ್ನು ಚೊಂಬಿನ ಸಮಸ್ಯೆಗೆ ಎರಡು ಪೈಂಟ್ ಹಾಲಿನ ಪ್ಲಾಸ್ಟಿಕ್ ಕ್ಯಾನು ಹೇಗೆ ಆಪದ್ಬಾಂಧವನಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಈ ಪತ್ರಿಕೆಯ ಓದುಗರಿಗೆ ಅದು ಸ್ವಾನುಭವ.

ಆ ದಾರದಿಂದ ನಮ್ಮ ಹುಬ್ಬಳ್ಳಿ ಮಿತ್ರನಿಗೆ ಒಂದು ಪ್ರಸಂಗ ಒದಗಿತು. ಪೇಟೆಯ ಒಂದು ಅಂಗಡಿ ಸಂಕೀರ್ಣದಲ್ಲಿ ಖಾಲಿಯಿದ್ದದ್ದು ಅಂಗವಿಕಲರ ಶೌಚಾಲಯ ಮಾತ್ರ. ಅಲ್ಲಿ ಗೋಡೆಯ ಪಕ್ಕ ಕೆಂಪು ದಾರ. ಬಿಳಿ ದಾರ ದೀಪಕ್ಕಾದರೆ ಕೆಂಪು ದಾರ ನೀರಿಗೇ ಇರಬೇಕು ಎಂಬುದು ಎಂಜಿನಿಯರಿಂಗ್ ತರ್ಕ. ಎಳೆದ. ನೀರು ಬರಲಿಲ್ಲ, ಗಂಟೆ ಹೊಡೆಯಿತು. ಬಿದ್ದವರು, ಏಳಲಾಗದವರು ಸಹಾಯಕ್ಕೆ ಕರೆಯುವ ದಾರ ಅದು. ಕಾವಲುಗಾರರಿಬ್ಬರು ಓಡಿಬಂದು ಬಾಗಿಲು ಬಡಿದು, "ಆರ್ ಯೂ ಆಲ್‌ರೈಟ್ ಇನ್ ದೇರ್?" ಎಂದು ಕೂಗಿದರು. ಒಳಗಿನಿಂದ ನಮ್ಮವನು ಅಷ್ಟೇ ವಿನಯದಿಂದ, "ಐ ಆಮ್ ಫೈನ್, ಥ್ಯಾಂಕ್ಯೂ. ಹೌ ಆರ್ ಯೂ?" ಎಂದ. ಸಂಜೆ ಮನೆಗೆ ಬಂದು ನನಗೆ ಹೇಳಿದ್ದು: "ಏನ್ ಮಂದಿಪಾ ಇವ್ರು! ಸಂಡಾಸಕ್ಕ ಬಂದೂ ಕ್ಷೇಮ ಕೇಳ್ತಾರ!"

ಅವನದೇನೂ ಅತಿಯಾಗಿರಲಿಲ್ಲ. ಯಾರ್ಕ್‌ಶೈರ್‌ನಲ್ಲಿ ಎದುರಾದವರೆಲ್ಲ ‘ಆಲ್‌ರೈಟ್?’ ಎನ್ನುವುದು ನಮ್ಮೂರಲ್ಲಿ ‘ಊಟ ಆಯ್ತಾ?’ ಎಂದ ಹಾಗೆ, ಉತ್ತರ ಬೇಕಾಗಿರುವುದಿಲ್ಲ. ಮೊದಲ ವಾರ ಆ ಪ್ರಶ್ನೆಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಂಡು, ನನ್ನ ಮುಖದಲ್ಲಿ ಕಾಮಾಲೆ ಏನಾದರೂ ಕಾಣುತ್ತಿದೆಯೇ ಎಂದು ಕನ್ನಡಿಯಲ್ಲಿ ಕಣ್ಣಿನ ಬಿಳಿಭಾಗ ಪರೀಕ್ಷಿಸಿಕೊಂಡಿದ್ದೇನೆ. ಬಸ್ಸಿನ ಚಾಲಕ, ನೂರು ಕಿಲೋ ತೂಕದ ಗಡ್ಡಧಾರಿ, ಚಿಲ್ಲರೆ ಕೊಡುತ್ತಾ "ಥ್ಯಾಂಕ್ಯೂ, ಲವ್" ಎಂದಾಗ ಆದ ಗಾಬರಿ ಬೇರೆ. ಅಲ್ಲಿ ‘ಲವ್’ ಎಂದರೆ ನಮ್ಮ ‘ಮಾರಾಯ’ ಇದ್ದಂತೆ ಎಂದು ತಿಳಿಯಲು ಕೆಲವು ದಿನ ಬೇಕಾಯಿತು.

ಆ ಕಾಲದ ವಿದ್ಯಾರ್ಥಿಗಳಿಗೆಲ್ಲ ಅಂಟುತ್ತಿದ್ದ ಒಂದು ಕಾಯಿಲೆಯನ್ನು ಇಲ್ಲಿ ದಾಖಲಿಸಲೇಬೇಕು: ಗುಣಾಕಾರ ಜ್ವರ. ಆಗ ಒಂದು ಪೌಂಡಿಗೆ ಹೆಚ್ಚುಕಡಿಮೆ 70 ರೂಪಾಯಿ. ರೋಗಿ ಯಾವ ವಸ್ತುವನ್ನು ಮುಟ್ಟಿದರೂ ತುಟಿ ಅಲುಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ, ನಂತರ ವಸ್ತು ಸ್ವಸ್ಥಾನಕ್ಕೆ ಮರಳುತ್ತದೆ. ಒಂದು ಹೂಕೋಸಿಗೆ ಐವತ್ತು ರೂಪಾಯಿ! ಕ್ಷೌರಕ್ಕೆ 5 ಪೌಂಡ್, ಅಂದರೆ 350 ರೂಪಾಯಿ! ಊರಿನಲ್ಲಿ ಅಷ್ಟು ಹಣಕ್ಕೆ ಇಡೀ ಕೇರಿಗೆ ಕ್ಷೌರ ಮಾಡಿಸಬಹುದಿತ್ತು. ಹಾಗಾಗಿ ನಮ್ಮ ತಲೆಗಳನ್ನು ಹುಬ್ಬಳ್ಳಿ ಮಿತ್ರನ ಕೈಗೆ ಒಪ್ಪಿಸಿದೆವು. ಅವನು ಎಡಗಡೆ ಕತ್ತರಿಸಿ, ಸಮ ಮಾಡಲು ಬಲಗಡೆ ಕತ್ತರಿಸಿ, ಅದಕ್ಕೆ ಸರಿಯಾಗಲು ಮತ್ತೆ ಎಡಕ್ಕೆ ಬರುತ್ತಿದ್ದ. ಜರ್ಮನ್ ಹುಡುಗ ಮಾತ್ರ ಆ ಚಳಿಗಾಲವಿಡೀ ಟೋಪಿ ತೆಗೆಯಲಿಲ್ಲ.

ಆ 1998ರಲ್ಲೇ ಇಲ್ಲಿನ ಪದವಿ ವಿದ್ಯಾರ್ಥಿಗಳಿಗೆ ಸರ್ಕಾರ ವರ್ಷಕ್ಕೆ 1,000 ಪೌಂಡ್ ಬೋಧನಾ ಶುಲ್ಕ ಹಾಕಲು ಆರಂಭಿಸಿತ್ತು. ವಿದ್ಯಾರ್ಥಿಗಳಿಗೆ ಭಾರೀ ಸಿಟ್ಟು. ಅದರ ಎಷ್ಟೋ ಪಟ್ಟು ತೆತ್ತು ಬಂದಿದ್ದ ನಾವು ಅವರ ಕರಪತ್ರ ಓದಿ ಬಾಯಿ ಮುಚ್ಚಿಕೊಂಡು ಕ್ಲಾಸಿಗೆ ಹೋಗುತ್ತಿದ್ದೆವು. ನಗುವಿನ ಹಿಂದೆ ಇದ್ದದ್ದು ಅದೇ ಲೆಕ್ಕ. ಅಪ್ಪನ ಜೊತೆ ಟೆಲಿಫೋನ್ ಕಾರ್ಡಿನಲ್ಲಿ ಮಾತನಾಡುವಾಗ ಅವರು ಲಂಡನ್ನಿಗೇ ಕೇಳಲಿ ಎಂಬಂತೆ ಕೂಗಿ ಹೇಳುತ್ತಿದ್ದ ವಾಕ್ಯ ಒಂದೇ: "ಇಲ್ಲಿ ಎಲ್ಲಾ ಚೆನ್ನಾಗಿದೆ, ನೀನು ಓದು!" ಕೊಳೆರೋಗ ಬಂದು ಆ ವರ್ಷದ ಅರ್ಧ ಅಡಿಕೆ ಉದುರಿದ್ದು ನನಗೆ ತಿಳಿದದ್ದು ಮರುವರ್ಷ, ಅದೂ ಚಿಕ್ಕಪ್ಪನ ಬಾಯಿಂದ.

ಈಗ ಒಗ್ಗರಣೆಗೆ ಬರೋಣ. ಅಕ್ಟೋಬರ್‌ನ ಒಂದು ರಾತ್ರಿ ಸಾರಿಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಸಿಡಿಸಿದ್ದೇ ತಡ, ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ನಾವು ಮೂವರೂ ಮೆಣಸಿನ ಘಾಟಿಗೆ ಕೆಮ್ಮುತ್ತಾ ಬೀದಿಗೆ ಬಂದೆವು. ಪಕ್ಕದ ಮನೆಯ ಬಾಗಿಲು ತೆರೆದು, ರಾತ್ರಿಯ ಉಡುಪಿನ ಮೇಲೆ ಕೋಟು ಹಾಕಿಕೊಂಡ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಕೆಟ್ಟಿನಲ್ಲಿ ನೀರು ಹಿಡಿದು ನಿಂತಿದ್ದರು. ಬೆಂಕಿ ಇಲ್ಲ, ಇದು ನಮ್ಮ ಅಡುಗೆ ಎಂದು ಹೇಳಿದೆ. ಅವರು ಗಾಳಿಯನ್ನು ಒಮ್ಮೆ ಮೂಸಿ, "ಅದನ್ನು ತಿನ್ನುತ್ತೀರಾ?" ಎಂದು ಕೇಳಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಇಬ್ಬರ ಕೆಲಸವಾಯಿತು. ಒಬ್ಬ ಸೌಟು ಹಿಡಿದರೆ, ಇನ್ನೊಬ್ಬ ಕುರ್ಚಿ ಹತ್ತಿ ಅಲಾರಂ ಕೆಳಗೆ ಹಳೆಯ ಪತ್ರಿಕೆಯಿಂದ ಗಾಳಿ ಬೀಸಬೇಕು. ನಾವು ಅದಕ್ಕೆ ಚಾಮರ ಸೇವೆ ಎಂದು ಹೆಸರಿಟ್ಟೆವು. ಜರ್ಮನ್ ಹುಡುಗ ಆ ಸೇವೆಯಲ್ಲಿ ಎಷ್ಟು ನುರಿತನೆಂದರೆ, ಸಾಸಿವೆ ಚಟಪಟ ಎನ್ನುವ ಮೊದಲೇ ಕುರ್ಚಿಯ ಮೇಲಿರುತ್ತಿದ್ದ.

ಪಕ್ಕದ ಮನೆಯ ಅಜ್ಜಿ ಒಂಟಿ. ಗಂಡ ತೀರಿಹೋಗಿದ್ದರು. ಗಂಡಸರ ಸಿದ್ಧ ಸೂಟುಗಳಿಗೆ ಲೀಡ್ಸ್ ಒಂದು ಕಾಲಕ್ಕೆ ಹೆಸರಾಗಿದ್ದ ಊರು. ಅಜ್ಜಿ ಅಂಥ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನಾನು ಇಂಗ್ಲೆಂಡಿಗೆ ಹೊರಟಾಗ ಅಪ್ಪ ಶಿವಮೊಗ್ಗದಲ್ಲಿ ಒಂದು ಸೂಟು ಹೊಲಿಸಿಕೊಟ್ಟಿದ್ದರು. ಯಾರ್ಕ್‌ಶೈರ್‌ನ ಗಾಳಿಗೆ ಅದು ಸೊಳ್ಳೆಪರದೆಗೆ ಸಮ. ನಾನು ಅದನ್ನು ಹಾಕಿಕೊಂಡು ನಡುಗುವುದನ್ನು ಕಂಡ ಅಜ್ಜಿ ಒಂದು ದಿನ ಕೋಟನ್ನು ಬಿಚ್ಚಿಸಿ, ತಿರುಗಿಸಿ, ಹೊಲಿಗೆಯನ್ನು ಬೆರಳಿನಿಂದ ಸವರಿ, "ಹೊಲಿದವನು ಕಸುಬುದಾರ, ಆದರೆ ಅವನಿಗೆ ನಮ್ಮ ಜನವರಿ ಗೊತ್ತಿಲ್ಲ" ಎಂದರು. ಮರುವಾರ ಕೋಟಿನ ಒಳಗೆ ದಪ್ಪನೆಯ ಉಣ್ಣೆಯ ಅಸ್ತರಿ ಬಂದಿತ್ತು. ಹಣ ಕೇಳಿದ್ದಕ್ಕೆ ಗದರಿಸಿದರು.

ಅವರೇ ಒಮ್ಮೆ ನಮ್ಮನ್ನು ‘ಟೀ’ಗೆ ಕರೆದರು, ‘ಹಾಫ್ ಫೈವ್’ಗೆ. ಜರ್ಮನ್ ಭಾಷೆಯಲ್ಲಿ ಅರ್ಧ ಐದು ಎಂದರೆ ನಾಲ್ಕೂವರೆ, ಇಂಗ್ಲಿಷಿನಲ್ಲಿ ಐದೂವರೆ. ಹುಡುಗ ನಾಲ್ಕೂವರೆಗೇ ಹೋಗಿ, ಅಜ್ಜಿಯ ಕೈಯಲ್ಲಿ ಒಂದು ಗಂಟೆ ಆಲೂಗಡ್ಡೆ ಸುಲಿದ. ನಾವಿಬ್ಬರು, ಟೀ ಎಂದರೆ ಎರಡು ಬಿಸ್ಕತ್ತು ತಾನೇ ಎಂದು ಹೊಟ್ಟೆತುಂಬ ಉಪ್ಪಿಟ್ಟು ತಿಂದು ಐದೂವರೆಗೆ ಹೋದೆವು. ಉತ್ತರ ಇಂಗ್ಲೆಂಡಿನ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಡಿನ್ನರ್, ಸಂಜೆಯ ಪೂರ್ಣ ಊಟಕ್ಕೆ ಟೀ ಎನ್ನುವುದು ವಾಡಿಕೆ! ಮೇಜಿನ ಮೇಲೆ ಸಸ್ಯಾಹಾರಿಗಳಿಗೆಂದೇ ಚೀಸ್ ಹಾಕಿ ಬೇಯಿಸಿದ ಹೂಕೋಸು, ಬೆಣ್ಣೆ ಬೆರೆಸಿದ ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಮೇಲೊಂದು ಸೇಬಿನ ಸಿಹಿ. ಮದುವೆಮನೆಯಲ್ಲಿ ಬೀಗರಿಗೆ ಬಡಿಸುವಂತೆ ಅಜ್ಜಿ ಬಡಿಸುತ್ತಲೇ ಇದ್ದರು. ಉಪ್ಪಿಟ್ಟಿನ ಮೇಲೆ ಹೂಕೋಸು, ಹೂಕೋಸಿನ ಮೇಲೆ ಸೇಬು. ಆ ರಾತ್ರಿ ನಾವಿಬ್ಬರೂ ಮೆಟ್ಟಿಲನ್ನು ಒಂದೊಂದಾಗಿ, ತುಂಬು ಗರ್ಭಿಣಿಯರಂತೆ ಹತ್ತಿದೆವು.

ಅಜ್ಜಿಯನ್ನು ಯಾವಾಗ ಹೇಗಿದ್ದೀರಿ ಎಂದು ಕೇಳಿದರೂ ಉತ್ತರ "ನಾಟ್ ಸೋ ಬ್ಯಾಡ್, ಲವ್." ಮೊಣಕಾಲು ಊದಿದಾಗಲೂ ಅದೇ, ಲಾಟರಿಯಲ್ಲಿ 10 ಪೌಂಡ್ ಬಂದಾಗಲೂ ಅದೇ. ನಮ್ಮ ಕಡೆ ಇದರ ತದ್ವಿರುದ್ಧ. ನೆಗಡಿಯಾದರೆ "ಸತ್ತೇ ಹೋದೆ ಡಾಕ್ಟ್ರೇ" ಎನ್ನುವ ರೋಗಿಗಳನ್ನು ನೋಡಿ ಬೆಳೆದ ನನಗೆ, ಅವರು ಹೇಳಿದ್ದರಲ್ಲಿ ಎಷ್ಟು ಕಳೆಯಬೇಕು ಎಂಬುದು ಗೊತ್ತಿತ್ತು. ಇಲ್ಲಿಯವರು ಹೇಳಿದ್ದಕ್ಕೆ ಎಷ್ಟು ಕೂಡಿಸಬೇಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅಜ್ಜಿ ಹಾಲಿನ ಬಾಟಲಿ ತೆಗೆದುಕೊಳ್ಳಲು ಬಾಗಿಲಿಗೆ ಬಂದಿದ್ದರು. ನಾನು ಎಂದಿನಂತೆ ಆಲ್‌ರೈಟ್ ಎಂದೆ. "ಎ ಬಿಟ್ ಪೂರ್ಲಿ, ಲವ್. ರಾತ್ರಿ ತಿಂದದ್ದು ಅರಗಿಲ್ಲ" ಎಂದರು. ಅಷ್ಟು ತಿಂಗಳಲ್ಲಿ ‘ನಾಟ್ ಸೋ ಬ್ಯಾಡ್’ ಬಿಟ್ಟು ಬೇರೆ ಮಾತು ಬಂದದ್ದು ಅದೇ ಮೊದಲು. ಹಿಂತಿರುಗಿ ನೋಡಿದೆ. ಕೊರೆಯುವ ಚಳಿಯಲ್ಲಿ ಹಣೆಯ ಮೇಲೆ ಬೆವರು. ಮುಖ ಬೂದಿ ಬಣ್ಣ. ಒಂದು ಕೈ ದವಡೆಯನ್ನು ಉಜ್ಜುತ್ತಿತ್ತು.

ಇಂಗ್ಲೆಂಡಿನಲ್ಲಿ ಆಗ ನಾನು ವೈದ್ಯನಲ್ಲ, ಬರೀ ವಿದ್ಯಾರ್ಥಿ. ಆದರೆ ಬೆವರಿಗೆ ಎಲ್ಲ ದೇಶದಲ್ಲೂ ಒಂದೇ ಅರ್ಥ. ಅವರನ್ನು ಒಳಗೆ ಕೂರಿಸಿ 999ಕ್ಕೆ ಫೋನ್ ಮಾಡಿದೆ. ನನ್ನ ಉಚ್ಚಾರ ಆ ಕಡೆಯವರಿಗೆ ಅರ್ಥವಾಗುತ್ತಿಲ್ಲ, ಅವರ ಯಾರ್ಕ್‌ಶೈರ್ ಉಚ್ಚಾರ ನನಗೆ. ನಡುವೆ ಅಜ್ಜಿ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡು, "ಏನೂ ಇಲ್ಲ ಲವ್, ಈ ಹುಡುಗ ಸುಮ್ಮನೆ ಗಾಬರಿ ಮಾಡುತ್ತಿದ್ದಾನೆ" ಎಂದುಬಿಟ್ಟರು! ನಾನು ಮತ್ತೆ ಕಿತ್ತುಕೊಂಡು, ಎಂ.ಡಿ. ಪರೀಕ್ಷೆಯಲ್ಲಿ ಪರೀಕ್ಷಕರಿಗೆ ಹೇಳಿದಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದೆ. ಆಂಬುಲೆನ್ಸ್ ಬಂತು. ದೊಡ್ಡ ಹೃದಯಾಘಾತವೇ ಆಗಿತ್ತು. ಸ್ಟ್ರೆಚರಿನ ಮೇಲೆ ಮಲಗಿ ಹೋಗುವಾಗಲೂ ಅವರು ನನಗೆ ಹೇಳಿದ್ದು, "ಒಲೆಯ ಮೇಲೆ ಗಂಜಿ ಇದೆ, ಆರಿಸಿಬಿಡು."

ಅಜ್ಜಿ ಬದುಕಿದರು. ಆ ಮಾರ್ಚ್‌ನ ಯುಗಾದಿಗೆ ನಮ್ಮ ಮನೆಗೆ ಊಟಕ್ಕೂ ಬಂದರು. ಬೇವು ಸಿಗದ ಕಾರಣ ಮೆಂತ್ಯಕ್ಕೆ ಬೆಲ್ಲ ಬೆರೆಸಿ ಕೊಟ್ಟು, ಸಿಹಿಕಹಿಗಳನ್ನು ಸಮನಾಗಿ ತೆಗೆದುಕೊಳ್ಳಬೇಕೆಂಬ ನಮ್ಮ ಪದ್ಧತಿಯನ್ನು ವಿವರಿಸಿದೆವು. ಅಗಿದು ನುಂಗಿ, ಮುಖ ಸಿಂಡರಿಸಿ, ಅವರೆಂದದ್ದು ನೀವು ಊಹಿಸಿದ್ದೇ: "ನಾಟ್ ಸೋ ಬ್ಯಾಡ್."

ಓದು ಮುಗಿಯಿತು. ಇಲ್ಲಿ ವೈದ್ಯ ವೃತ್ತಿ ಮಾಡಲು ಬೇಕಾದ ಪ್ಲ್ಯಾಬ್ ಪರೀಕ್ಷೆಯೂ ಮುಗಿದು, ಈ ದೇಶದಲ್ಲೇ ಉಳಿದೆ. ಭಾಷೆಯ ಪೇಚಾಟಗಳೆಲ್ಲ ವಿದ್ಯಾರ್ಥಿ ಜೀವನದ ತಮಾಷೆಗಳ ಪೆಟ್ಟಿಗೆಗೆ ಸೇರಿದವು ಎಂದುಕೊಂಡಿರುವಾಗ, ಕೆಲವು ವರ್ಷಗಳ ಹಿಂದೆ ಅವೇ ಪೇಚಾಟಗಳು ನಮ್ಮ ಕನ್ನಡದ ಮನೆಯೊಂದರಲ್ಲಿ ತಲೆಕೆಳಗಾಗಿ ಎದುರು ನಿಂತವು.

ಒಂದು ಶನಿವಾರ ಸಂಜೆ ಅಂಗಡಿಯಲ್ಲಿ ನಮ್ಮ ಬಳಗದ ದಂಪತಿ ಸಿಕ್ಕರು. ಊರಿನಿಂದ ಬಂದಿದ್ದ ಅತ್ತೆಯ ಜೊತೆ ಹತ್ತು ವರ್ಷದ ಮಗನನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಆಕೆ ನಗುತ್ತಾ, "ಈಗ ತಾನೇ ಮಗ ಫೋನ್ ಮಾಡಿದ್ದ ಡಾಕ್ಟ್ರೇ. ಅಜ್ಜಿ ಈಸ್ ವೆರಿ ಸ್ಯಾಡ್, ಅವರ ಕೈಕಾಲು ಫಾಲಿಂಗ್ ಆಫ್ ಅಂತೆ! ಅತ್ತೆಗೆ ಊರಿನ ನೆನಪಾಗಿದೆ, ಧಾರಾವಾಹಿ ಹಾಕಿಕೊಡು ಅಂದೆ" ಎಂದರು. ನಾನೂ ನಕ್ಕೆ. ಒಂದು ಹೆಜ್ಜೆ ಮುಂದೆ ಹೋದವನಿಗೆ ಏನೋ ಚುಚ್ಚಿತು. "ಅಮ್ಮ ಕನ್ನಡದಲ್ಲಿ ಏನಂದರಂತೆ? ಅದೇ ಪದ ಕೇಳಿ" ಎಂದೆ. ಹುಡುಗ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ: "ಸಂಕಟ ಆಗ್ತಿದೆ, ಕೈಕಾಲೆಲ್ಲ ಬಿದ್ದು ಹೋದಂಗೆ ಆಗಿದೆ."

ಪಾಪ, ಹುಡುಗನದೇನು ತಪ್ಪು? ಭಾನುವಾರದ ಕನ್ನಡ ತರಗತಿಯಲ್ಲಿ ಸಂಕಟ ಎಂದರೆ ದುಃಖ ಎಂದು ಕಲಿತಿದ್ದ. ಅರ್ಥ ಸರಿಯೇ. ಆದರೆ ಹಾಸನದ ಕಡೆಯ ಅಜ್ಜಿಯ ಬಾಯಲ್ಲಿ ಅದು ಹೊಟ್ಟೆಯಿಂದ ಎದೆಗೆ ಏರುವ ತಳಮಳ. ಫೋನನ್ನು ಅವರಿಗೆ ಕೊಡಿಸಿ, "ಅಮ್ಮಾ, ಸಂಕಟ ಎಲ್ಲಿ?" ಎಂದು ಕೇಳಿದೆ. "ಎದೆಗುಂಡಿ ಹತ್ರ ಕಣಪ್ಪ, ಅರ್ಧ ಗಂಟೆಯಿಂದ. ಮೈಯೆಲ್ಲ ಬೆವರು. ಮಗುಗೆ ಹೆದರಿಕೆ ಆಗುತ್ತೆ ಅಂತ ಸುಮ್ನಿದ್ದೀನಿ." ಹದಿನೈದು ವರ್ಷದ ಸಕ್ಕರೆ ಕಾಯಿಲೆ ಬೇರೆ. ಅಂಗಡಿಯಲ್ಲೇ ನಿಂತು 999ಕ್ಕೆ ಕರೆಮಾಡಿದೆ. ಮುಚ್ಚಿಹೋಗಿದ್ದ ರಕ್ತನಾಳಕ್ಕೆ ಅದೇ ರಾತ್ರಿ ಸ್ಟೆಂಟ್ ಹಾಕಿದರು. ಅವರೀಗ ಊರಿನಲ್ಲಿ ಮೊಮ್ಮಗನಿಗೆ ವಿಡಿಯೋ ಕರೆಯಲ್ಲಿ ಗದರಿಸುವಷ್ಟು ಗಟ್ಟಿಯಾಗಿದ್ದಾರೆ.

ಒಬ್ಬ ಅಜ್ಜಿ ಕಾಯಿಲೆಯನ್ನು ಇಂಗ್ಲಿಷಿನಲ್ಲಿ ಮುಚ್ಚಿಟ್ಟರು, ಇನ್ನೊಬ್ಬ ಅಜ್ಜಿ ಕನ್ನಡದಲ್ಲಿ ಬಿಚ್ಚಿ ಹೇಳಿದರೂ ಮನೆಯಲ್ಲಿ ಕೇಳಿಸಲಿಲ್ಲ. ಎರಡನೆಯದು ನನ್ನನ್ನು ಇಂದಿಗೂ ಕಾಡುತ್ತದೆ. ಏಕೆಂದರೆ ಅದು ನಮ್ಮೆಲ್ಲರ ಮನೆಗಳಲ್ಲಿ ನಡೆಯಬಹುದಾದ್ದು. ‘ಬಾಯಿ ಕೆಟ್ಟಿದೆ’ ಎಂದರೆ ಅಜ್ಜಿ ಬೈಯುತ್ತಾರೆ ಎಂದಲ್ಲ, ರುಚಿ ಹೋಗಿದೆ ಎಂದು. ‘ಹೊಟ್ಟೆ ಉರಿ’ ಎಲ್ಲ ಸಲವೂ ಮತ್ಸರವಲ್ಲ. ಕಾಲು ‘ಹಿಡ್ಕೊಂಡಿದೆ’ ಎಂದರೆ ಯಾರೋ ಹಿಡಿದುಕೊಂಡಿಲ್ಲ. ಜೋಮು, ಉಬ್ಬಸ, ತಳಮಳ, ಹೊಟ್ಟೆ ತೊಳಸು, ಕಣ್ಣು ಕತ್ತಲೆ: ನಮ್ಮ ಮಕ್ಕಳಿಗೆ ಪದ್ಯಗಳು ಬರುತ್ತವೆ, ಈ ಪದಗಳು ಬರುವುದಿಲ್ಲ. ಕನ್ನಡ ತರಗತಿ ನಡೆಸುವ ಸ್ವಯಂಸೇವಕರಲ್ಲಿ ನನ್ನ ವಿನಂತಿ: ವರ್ಷದಲ್ಲಿ ಒಂದು ಭಾನುವಾರವನ್ನು ದೇಹದ ಕನ್ನಡಕ್ಕೆ ಮೀಸಲಿಡಿ. ಮಕ್ಕಳಿಗೆ ನಗಲು ಬೇಕಾದಷ್ಟು ಸಿಗುತ್ತದೆ, ಕಲಿತದ್ದು ಮರೆಯುವುದೂ ಇಲ್ಲ.

ವೈದ್ಯನ ಅಭ್ಯಾಸಬಲದಿಂದ ಇನ್ನೆರಡು ಮಾತು. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಂಡು ಬೀಳುವ ರೀತಿಯಲ್ಲೇ ಬರಬೇಕಿಲ್ಲ. ಅಜೀರ್ಣ, ದವಡೆ ಅಥವಾ ಬೆನ್ನಿನ ನೋವು, ತಣ್ಣನೆಯ ಬೆವರು, ವಿಪರೀತ ಸುಸ್ತು, ಇಷ್ಟೇ ಇರಬಹುದು. ಅನುಮಾನ ಬಂದರೆ 999ಕ್ಕೆ ಕರೆಮಾಡಿ. ಅಲರ್ಜಿ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಿ. ಆಸ್ಪತ್ರೆಯಲ್ಲಿ ಮಕ್ಕಳನ್ನು ದುಭಾಷಿಗಳಾಗಿ ನಿಲ್ಲಿಸಬೇಡಿ. ಕೇಳಿದರೆ ಉಚಿತವಾಗಿ ದುಭಾಷಿಯನ್ನು ಒದಗಿಸುತ್ತಾರೆ. ಊರಿನಿಂದ ಬರುವ ತಂದೆತಾಯಿಗಳಿಗೆ ಪ್ರಯಾಣ ವಿಮೆ ಮರೆಯಬೇಡಿ. ಇಲ್ಲಿ ತುರ್ತು ವಿಭಾಗದ ಚಿಕಿತ್ಸೆ ಉಚಿತವಾದರೂ, ದಾಖಲಾದ ಮೇಲಿನ ಖರ್ಚನ್ನು ಸಂದರ್ಶಕರಿಂದ ವಸೂಲಿ ಮಾಡುತ್ತಾರೆ. ಆ ಬಿಲ್ಲು ಕಂಡರೆ ಗುಣಾಕಾರ ಜ್ವರ ಮರುಕಳಿಸುವುದು ಖಂಡಿತ.

ಹಬ್ಬಕ್ಕೆ ಅಪ್ಪ ಅಮ್ಮ ಬಂದಿದ್ದರೆ ಅವರ ಪಕ್ಕದಲ್ಲಿ ಹತ್ತು ನಿಮಿಷ ಕೂತು, ಹೇಗಿದ್ದೀರಿ ಎಂದು ಕೇಳಿ. "ನಮಗೇನಪ್ಪ, ಚೆನ್ನಾಗಿದ್ದೀವಿ" ಎನ್ನುತ್ತಾರೆ. ಅದು ನಮ್ಮವರ ‘ನಾಟ್ ಸೋ ಬ್ಯಾಡ್’. ಅದಕ್ಕೆ ಎಷ್ಟು ಕೂಡಿಸಬೇಕು ಎಂಬುದನ್ನು ಅವರ ಮುಖ ನೋಡಿ ತೀರ್ಮಾನಿಸಿ.

ಎಲ್ಲರಿಗೂ ದೀಪಾವಳಿಯ ಹಾರ್ದಿಕ ಶುಭಾಶಯಗಳು. ದೀಪ ಹಚ್ಚಿ, ಒಗ್ಗರಣೆಯನ್ನೂ ಧಾರಾಳವಾಗಿ ಹಾಕಿ. ಚಾಮರ ಸೇವೆಗೆ ಮಾತ್ರ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.